ಹೊಳೆಯಲ್ಲಿ ಉಪ್ಪು

ಜೀಪಿನ ಹಿಂಬಾಗಿಲು ತೆರೆದದ್ದೇ ತಡ, ಬಂದವಳ ಯೋಗಕ್ಷೇಮ ಕೇಳುವುದನ್ನೂ ಮರೆತು ಜವರಯ್ಯ, "ಅಯ್ಯೋ, ಇದನ್ನ ತೊಳೆದೇ ಇಲ್ವಲ್ಲ ಸಿಂಚನಮ್ಮ!" ಎಂದ. ಸ್ಟೀಲಿನ ಚೌಕಟ್ಟಿನೊಳಗೆ ಮಲಗಿದ್ದ ಉಪಕರಣದ ಮೇಲೆ ಸಮುದ್ರದ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಮಂಗಳೂರಿನ ಕಡೆಯ ಸಂಶೋಧನಾ ಹಡಗಿನಲ್ಲಿ ಇಪ್ಪತ್ತಮೂರು ವರ್ಷ ಅವನು ಅದನ್ನು ಸಮುದ್ರಕ್ಕೆ ಇಳಿಸಿ ಎತ್ತಿದ್ದ. ಆಳದ ನೀರು ಎಷ್ಟು ಉಪ್ಪು, ಎಷ್ಟು ಬೆಚ್ಚಗೆ ಎಂದು ಮೇಲಿದ್ದವರಿಗೆ ಹೇಳುವುದು ಅದರ ಕೆಲಸ. ಐದು ಕಾಲೇಜುಗಳು ಸೇರಿ ಇಟ್ಟುಕೊಂಡಿದ್ದ ಒಂದೇ ಒಂದು ಉಪಕರಣ. ಬಳಸಲು ಐದೂ ಕಾಲೇಜಿನವರು, ತೊಳೆಯಲು ಜವರಯ್ಯನೊಬ್ಬ. ನಿವೃತ್ತನಾಗಿ ಕುಶಾಲನಗರದ ಹೊಳೆಬದಿಯ ಶುಂಠಿ ಹೊಲಕ್ಕೆ ಮರಳಿ ಎಂಟು ತಿಂಗಳಾಗಿತ್ತು.

"ತೊಳೆಯುವವರು ನೀವೇ ಇಲ್ವಲ್ಲ ಜವರಯ್ಯಣ್ಣ," ಎಂದಳು ಸಿಂಚನಾ. ಅವನ ಕಣ್ಣೆದುರೇ ವಿದ್ಯಾರ್ಥಿನಿಯಾಗಿ ಹಡಗು ಹತ್ತಿ, ಈಗ ಅದೇ ಹಡಗಿನ ಸಂಶೋಧನೆಗಳ ಹೊಣೆ ಹೊತ್ತವಳು. "ನಾಳೆ ಬೆಂಗಳೂರಿನಲ್ಲಿ ಸಮಿತಿಯ ಮೀಟಿಂಗ್. ಹೊಸದಕ್ಕೆ ಅನುದಾನ ಕೇಳಿ ಮೂರನೇ ಸಲ ಹೋಗ್ತಾ ಇದ್ದೇನೆ. ಪ್ರತಿ ಸಲ ನೀವು ಇದರ ತಪಾಸಣೆ ಬರೆದಿಡ್ತಿದ್ದ ಪುಸ್ತಕದ ಕೊನೇ ಪುಟ ತೆಗೆದು ಮುಂದೆ ಇಡ್ತಾರೆ. ನೋಡಿಕೊಳ್ತಿದ್ದ ಮನುಷ್ಯನೇ ಸರಿಯಿದೆ ಅಂತ ಬರೆದು ಸಹಿ ಹಾಕಿ ಹೋಗಿದ್ದಾನೆ, ಮತ್ತೆ ಹೊಸದು ಯಾಕಮ್ಮ ಅಂತ ಕೇಳ್ತಾರೆ."

"ಸರಿಯಾಗೇ ಇತ್ತು."

"ಈಗ ಇಲ್ಲ ಮಾರಾಯ್ರೆ. ಕೆಟ್ಟಿದೆ ಅಂತ ನೀವೇ ಒಂದು ಕಾಗದ ಬರೆದುಕೊಡಿ. ಬೇರೆ ಯಾರ ಮಾತೂ ಅಲ್ಲಿ ನಡೆಯುವುದಿಲ್ಲ. ಈ ಸಲವೂ ಸಿಗದಿದ್ದರೆ ಮಕ್ಕಳನ್ನು ಹಡಗಿನಲ್ಲಿ ಕೂರಿಸಿ ಅಲೆ ಎಣಿಸ್ಲಿಕ್ಕೆ ಕಳಿಸಬೇಕಷ್ಟೆ."

ಜವರಯ್ಯ ಶುಂಠಿ ತೊಳೆಯುವ ಪೈಪನ್ನು ಎಳೆದು ತಂದು ಉಪಕರಣದ ಮೇಲೆ ಮೆಲ್ಲಗೆ ನೀರು ಬಿಟ್ಟ, ಹೆಗಲ ಟವೆಲಿನಿಂದ ಸಂದುಗೊಂದು ಒರೆಸಿದ. ಕಾಫಿ ತಂದ ಹೆಂಡತಿ ಮಹಾದೇವಮ್ಮ ಅದನ್ನು ನೋಡಿ, "ತಕೊ ಕೂಸೆ, ಕುಡಿ. ಮೂವತ್ತು ವರ್ಷದಲ್ಲಿ ಒಂದಿನಾದ್ರೂ ನನ್ನ ಹಿಂಗೆ ನೋಡ್ಕಂಡವ್ರಾ ಕೇಳು ನಿಮ್ಮಣ್ಣನ್ನ," ಎಂದಳು. ಸಿಂಚನಾ ನಕ್ಕಳು. ಜವರಯ್ಯ ನಗಲಿಲ್ಲ.

"ನೀವು ಬಿಟ್ಟು ಬಂದ ಮೇಲೆ ಕೆಟ್ಟಿತು ಅಂತಲೇ ಬರೆಯಿರಿ," ಎಂದಳು ಸಿಂಚನಾ ದನಿ ತಗ್ಗಿಸಿ. "ನಿಮ್ಮ ಹೆಸರಿಗೆ ಏನೂ ಆಗುವುದಿಲ್ಲ."

"ಹಂಗೆ ಬರೆದ್ರೆ ನಿಮ್ ಹುಡುಗ್ರು ಕೆಡಿಸಿದ್ರು ಅಂತಾಯ್ತದೆ. ಮುಂಚೇನೇ ಕೆಟ್ಟಿತ್ತು ಅಂದ್ರೆ ನಾನು ಬರೆದಿದ್ದೆಲ್ಲ ಸುಳ್ಳಾಯ್ತದೆ. ಎರಡೂ ಬ್ಯಾಡ. ತಕಳಿ, ಹೊಳೆಗೆ ಬಿಟ್ಟು ನೋಡಾನ. ಸಿಹಿನೀರಲ್ಲಿ ಉಪ್ಪು ಸೊನ್ನೆ ಅಂತ ತೋರಿಸಬೇಕು ಅದು. ತೋರಿಸ್ತು ಅಂದ್ರೆ ನಾನು ಕಾಗದ ಬರೆಯಾಕಿಲ್ಲ. ನೀವು ಬೇಜಾರು ಮಾಡ್ಕಬಾರದು."

ಬೇಸಿಗೆಯ ಕಾವೇರಿ ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಪಂಚೆ ಮೇಲಕ್ಕೆ ಕಟ್ಟಿ ಮೊಣಕಾಲುದ್ದ ನೀರಿಗಿಳಿದ ಜವರಯ್ಯ, ಎರಡೂ ಕೈಯಲ್ಲಿ ಹಿಡಿದು ಉಪಕರಣವನ್ನು ಇಳಿಬಿಟ್ಟ. ದಂಡೆಯ ಬಂಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಸಿಂಚನಾ ಪರದೆ ನೋಡಿದಳು, ಅವನನ್ನು ನೋಡಿದಳು.

"ಹೇಳಿ."

"ಉಪ್ಪು ಎರಡೂವರೆ."

"ಹೊಸ ನೀರಲ್ವಾ, ಗಾಬರಿ ಬಿದ್ದಿರ್ತದೆ. ತಡೀರಿ." ಮೇಲೆತ್ತಿ, ಕೇಬಲಿನ ಪಿನ್ನು ಬಿಚ್ಚಿ ಊದಿ, ಪಂಚೆಯ ಒಣ ಚುಂಗಿನಲ್ಲಿ ಒರೆಸಿ, ಮತ್ತೆ ಸಿಕ್ಕಿಸಿ ಇಳಿಸಿದ. "ಈಗ?"

"ಎರಡೂವರೆ, ಅಣ್ಣ."

ಇನ್ನೂ ಸ್ವಲ್ಪ ಆಳಕ್ಕೆ ಹೋದ. ಪಂಚೆ ನೆನೆಯಿತು. ಅಲ್ಲಿಯೂ ಎರಡೂವರೆ. ಆಮೇಲೆ ಅವನು ಮಗುವನ್ನು ನೀರಿನಿಂದ ಎತ್ತುವ ಹಾಗೆ ಅದನ್ನು ಎತ್ತಿ ತಂದು ಬಂಡೆಯ ಮೇಲಿಟ್ಟು, ಕೈ ಒರೆಸಿಕೊಂಡು, ಕಾಗದಕ್ಕಾಗಿ ಕೈ ಚಾಚಿದ.

ಕೆಟ್ಟಿದೆ ಎಂದು ಬರೆಯಲು ಒಂದು ಸಾಲು ಸಾಕಿತ್ತು. ಜವರಯ್ಯ ಅಕ್ಷರ ಅಕ್ಷರ ಕೂಡಿಸಿ ಇನ್ನೆರಡು ಸಾಲು ಬರೆದ. ಅವನ ಹೆಗಲ ಮೇಲಿನಿಂದ ಬಾಗಿ ಓದಿದಳು ಸಿಂಚನಾ: 'ಯಾವತ್ತಿನಿಂದ ತಪ್ಪು ಹೇಳುತ್ತಿದೆಯೋ ಗೊತ್ತಿಲ್ಲ. ನಾನು ಸರಿಯಿದೆ ಎಂದು ಬರೆಯುತ್ತಿದ್ದಾಗಲೂ ಹೇಳಿರಬಹುದು.'

"ಅದು ಬೇಡ ಅಣ್ಣ. ಅಷ್ಟೆಲ್ಲ ಯಾರೂ ಕೇಳಲಿಲ್ಲ."

"ಇರ್ಲಿ. ನನ್ ಸೈನು ನೋಡಿ ನಂಬ್ಕಂಡು ಐದು ಕಾಲೇಜಿನ ಮಕ್ಕಳು ಲೆಕ್ಕ ಬರ್ಕಂಡು ಹೋಗವ್ರೆ. ಅವ್ರು ಒಂದ್ಸಲ ತಿರುಗಾ ನೋಡ್ಕಬೇಕಲ್ವಾ?"

ಸಿಂಚನಾ ಕಾಗದವನ್ನು ಫೈಲಿನೊಳಗಿಟ್ಟು, ಬಗ್ಗಿ ಅವನ ಕಾಲು ಮುಟ್ಟಲು ಹೋದಳು. ಅವನು ಹಿಂದೆ ಸರಿದು, "ಕತ್ತಲಾಗೋದ್ರೊಳಗೆ ಬೆಂಗಳೂರು ಸೇರ್ಕಳಿ," ಎಂದ. ಇಬ್ಬರೂ ಸೇರಿ ಉಪಕರಣವನ್ನು ಜೀಪಿಗೆ ಏರಿಸಿದರು. ಅಲುಗಾಡದಂತೆ ಬದಿಗೆ ಎರಡು ಖಾಲಿ ಗೋಣಿಚೀಲ ತುರುಕಿದ.

ಜೀಪು ರಸ್ತೆ ಹತ್ತಿದ ಸದ್ದು ಕೇಳಿಸಿತು. ಜವರಯ್ಯ ಮನೆಯ ಕಡೆ ಹೋಗಲಿಲ್ಲ. ಒದ್ದೆ ಪಂಚೆಯಲ್ಲೇ ಮತ್ತೆ ಹೊಳೆಗಿಳಿದು, ಆಗ ನಿಂತಿದ್ದ ಜಾಗದಲ್ಲೇ ನಿಂತು, ಒಂದು ಬೊಗಸೆ ನೀರೆತ್ತಿ ಬಾಯಿಗೆ ಹಾಕಿಕೊಂಡ. ಉಪ್ಪು ತಾಗೀತೇ ಎಂದು ನಾಲಿಗೆಯ ಮೇಲೆ ಆಡಿಸಿದ. ಸಪ್ಪೆ. ಹೊಳೆಯಲ್ಲೇ ನಾಲ್ಕು ಹೆಜ್ಜೆ ಮೇಲಕ್ಕೆ ನಡೆದು ಇನ್ನೊಂದು ಬೊಗಸೆ ತುಂಬಿಕೊಂಡ.