ನಮ್ಮವರ ಅಂಗಡಿಗಳ ದರ್ಶನ

“ಮಾಲ್‌ಗೆ ಇಲ್ಲ!” ಎಂದು ಮೋಹನದಾಸ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಹಿಂದಿನ ಸೀಟಿನಲ್ಲಿ ದಂಗೆ ಎದ್ದಿತು.

“ಪಪ್ಪಾ, ಪ್ರಾಮಿಸ್ ಕಿಯಾ ಥಾ!” ಎಂದಳು ಮಗಳು ಅನುಷ್ಕಾ. ಅವಳ ತಮ್ಮ ಸಮಿತ್ ಮುಂದಿನ ಸೀಟಿಗೆ ಒದ್ದ.

“ಮಾಲ್ ಎಲ್ಲ ದೊಡ್ಡ ಕಂಪನಿಯವರದ್ದು. ಇವತ್ತು ನಮ್ಮವರ ಅಂಗಡಿ ನೋಡುವ. ಬೆವರು ಸುರಿಸಿ ಬದುಕುವುದು ಅಂದ್ರೆ ಎಂಥದ್ದೂಂತ ನಿಮಗೂ ಗೊತ್ತಾಗ್ಲಿ.”

ಮೋಹನದಾಸ ಠಾಣೆಯ ಕನ್ನಡ ಸಂಘವೊಂದರ ಉಪಾಧ್ಯಕ್ಷ. ‘ಸ್ಥಳೀಯ ಅಂಗಡಿ ಉಳಿಸಿ’ ಅಭಿಯಾನ ಅವನದೇ ಕೂಸು. ಅದರ ಬ್ಯಾನರನ್ನು ಆನ್‌ಲೈನಿನಲ್ಲಿ ತರಿಸಿದ್ದ.

ಮೊದಲು ಕೋಪರಿಯ ಹಿಟ್ಟಿನ ಗಿರಣಿ. ಮಕ್ಕಳು ಬಿಸಿ ಹಿಟ್ಟಿಗೆ ಕೈ ಹಾಕಿದರು, ಅಪ್ಪ ಫೋಟೋ ತೆಗೆದ. ಬೀಸಿಸಲು ಒಂದು ಹಿಡಿ ಗೋಧಿಯನ್ನೂ ತಂದಿರಲಿಲ್ಲ. ಗಿರಣಿಯವನಿಗೆ ಸಿಕ್ಕಿದ್ದು ಭಾಷಣ. ಆಮೇಲೆ ಚಪ್ಪಲಿ ಹೊಲಿಯುವವನ ಜೊತೆ ಸೆಲ್ಫಿ. ಯಾರ ಚಪ್ಪಲಿಯೂ ಹರಿದಿರಲಿಲ್ಲ.

ಕೊನೆಗೆ ಸ್ಟೇಷನ್ ಪಕ್ಕದಲ್ಲಿ ಶೇಖರ ನಡೆಸುವ ಹೋಟೆಲು.

ಕಾರು ನಿಲ್ಲುವ ಮೊದಲೇ ಶೇಖರ ಗಲ್ಲಾ ಬಿಟ್ಟು ಓಡಿ ಬಂದ. “ಬನ್ನಿ ಮೋಹನಣ್ಣ, ಬನ್ನಿ ಅತ್ತಿಗೆ.” ತಾನೇ ಮೇಜು ಒರೆಸಿದ. ತಾನೇ ತುಪ್ಪದ ದೋಸೆ ತಂದಿಟ್ಟ.

“ನೋಡಿ ಮಕ್ಕಳೇ, ಈ ಅಂಕಲ್ ಊರಿಂದ ಬಂದು ಇದೇ ಹೋಟೆಲಲ್ಲಿ ಪಾತ್ರೆ ತೊಳೆದವರು. ಈಗ ಹದಿನೆಂಟು ವರ್ಷದಿಂದ ಇಲ್ಲಿ ಗಲ್ಲಾದಲ್ಲಿ ಕೂತಿದ್ದಾರೆ!” ಎಂದ ಮೋಹನದಾಸ.

“ದೋಸಾ ಮಸ್ತ್ ಹೈ!” ಎಂದ ಸಮಿತ್, ಮೂಗಿಗೂ ಚಟ್ನಿ ಮೆತ್ತಿಕೊಂಡು.

ಶೇಖರ ನಗಲಿಲ್ಲ. ಹೋಟೆಲು ಅವನದಲ್ಲ, ತಿಂಗಳಿಗಿಷ್ಟು ಕೊಟ್ಟು ನಡೆಸುವ ಕಂಡಕ್ಟಿಂಗಿಗೆ ಹಿಡಿದದ್ದು. ಜಾಗ, ಲೈಸನ್ಸು, ಬೋರ್ಡು ಎಲ್ಲ ಧಣಿಯದು; ಒಲೆಯ ಮುಂದಿನ ಬೆವರಷ್ಟೇ ಶೇಖರನದು. ಕರಾರು ನಾಡಿದ್ದು ಮುಗಿಯುತ್ತಿತ್ತು.

“ಕಾಫಿ ಕಂಪನಿಯವರು ಬಂದು ಜಾಗ ನೋಡಿ ಹೋದ್ರು ಮೋಹನಣ್ಣ,” ಎಂದ ದನಿ ತಗ್ಗಿಸಿ. “ಒಳಗೆ ಅಡುಗೆ ಭಟ್ರಿಂದ ಹಿಡಿದು ಎಲ್ಲರೂ ನನ್ನ ಮುಖ ನೋಡ್ತಾರೆ. ಈ ವಯಸ್ಸಲ್ಲಿ ನಾನೆಲ್ಲಿಗೆ ಹೋಗ್ಲಿ? ನೀವೊಂದು ಮಾತು ಹೇಳಿದ್ರೆ ಮುಗೀತು.”

“ಕಾಲವೇ ಹಾಗೆ ಶೇಖರ. ದೊಡ್ಡವರು ಸಣ್ಣವರನ್ನು ನುಂಗ್ತಾರೆ. ನೋಡುವ. ದೇವರಿದ್ದಾನೆ.”

ಜವಾಬ್ದಾರಿಯನ್ನು ದೇವರಿಗೆ ವಹಿಸಿ ಉಪಾಧ್ಯಕ್ಷರು ಇನ್ನೊಂದು ದೋಸೆ ತರಿಸಿದರು. ತಿಂದೆದ್ದು ನೇರ ಅಡುಗೆಮನೆಗೆ ನುಗ್ಗಿ ಗೋಡೆ ತಟ್ಟಿದರು. “ಮಳೆಗೆ ಸೋರ್ತದಾ?” ಎಂದು ವಿಚಾರಿಸಿದರು. ಅಭಿಯಾನವೆಂದ ಮೇಲೆ ಅಷ್ಟಾದರೂ ಕಾಳಜಿ ಬೇಡವೇ?

ಹೆಂಡತಿ ಸ್ವರ್ಣಲತಾ ಮಾತ್ರ ತಲೆ ಎತ್ತಲಿಲ್ಲ. ಅವಳ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಮೋಹನದಾಸ ಪರ್ಸಿಗೆ ಕೈ ಹಾಕುವಂತೆ ಮಾಡಿದ. “ನಿಮ್ಮ ಹತ್ರ ಎಂಥ ಬಿಲ್ಲು?” ಎಂದ ಶೇಖರ. ಪರ್ಸು ಕಿಸೆಯಲ್ಲೇ ಉಳಿಯಿತು.

ಕಾರು ಮನೆಯ ದಾರಿ ಹಿಡಿಯಿತು.

“ಪಪ್ಪಾ, ಶೇಖರ್ ಅಂಕಲ್ ಕೋ ನಿಕಾಲ್ ದೇಂಗೇ ಕ್ಯಾ?” ಎಂದ ಸಮಿತ್.

“ಓಡಿಸಿದ್ರೂ ಓಡಿಸಿಯಾರು ಮಗಾ. ಕಂಪನಿಯವರ ಕೈ ಉದ್ದ.”

“ತೋ ಮೋರ್ಚಾ ನಿಕಾಲ್ತೇ ಹೈ! ಓನರ್ ಮನೆ ಎದುರು!”

“ಬೋರ್ಡ್ ನಾನು ಬರೀತೇನೆ,” ಅನುಷ್ಕಾ ಎದ್ದು ಕೂತಳು. “ಮಮ್ಮಿ, ಓನರ್ ಮನೆ ಎಲ್ಲಿ?”

ಪಾಠ ಫಲಿಸಿತ್ತು. ಮೋಹನದಾಸ ರೇಡಿಯೋದ ದನಿ ಏರಿಸಿದ. ಸ್ವರ್ಣಲತಾ ಕೈ ಚಾಚಿ ಅದನ್ನು ಆರಿಸಿದಳು.

“ದೂರ ಹೋಗ್ಬೇಕಾಗಿಲ್ಲ ಮಗಾ, ನಮ್ಮ ಬಾಗಿಲ ಎದುರೇ ಕೂತ್ಕೊಳ್ಳಿ, ನಾಡಿದ್ದು ಕಾಫಿ ಕಂಪನಿಗೆ ಸಹಿ ಹಾಕಿಕೊಡುವ ಧಣಿ ನಿಮ್ಮ ಪಪ್ಪನೇ.”