ಹೊಸ ಕ್ಯಾಮೆರಾದ ಮುಂದೆ ನೀಲಮ್ಮ

ತೀರಿಕೊಂಡವರ ಫೋಟೋ ತೆಗೆಯುವುದು ಗದಗಿನ ಚೆನ್ನವೀರಪ್ಪನವರ ಸ್ಟುಡಿಯೋದಲ್ಲಿ ದಿನನಿತ್ಯದ ಕೆಲಸ. ಖಾಲಿ ಕುರ್ಚಿ ಇಟ್ಟು ಹೆಸರು ಹಿಡಿದು ಕರೆದರೆ ಅವರು ಬಂದು ಕೂರುತ್ತಿದ್ದರು. ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಸಿಗುತ್ತಿದ್ದರು. ಆದರೆ ಹಳೆಯ ಕ್ಯಾಮೆರಾದಲ್ಲಿ ಎಲ್ಲರ ಮುಖವೂ ಮಂಜುಮಂಜು.

ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಒಂದೇ ನಿಚ್ಚಳ ಚಿತ್ರವಾಗಿ ಕೂಡಿಸುವ ಹೊಸ ಕ್ಯಾಮೆರಾವನ್ನು ಅದನ್ನು ಮಾರುವ ಕಂಪನಿಯ ಕಸ್ತೂರಿ ತಂದಿದ್ದಳು. ಪರೀಕ್ಷೆಗೆಂದು ಚೆನ್ನವೀರಪ್ಪನವರು ಹೋದ ವರ್ಷ ತೀರಿಕೊಂಡ ತಮ್ಮ ಹೆಂಡತಿ ನೀಲಮ್ಮನನ್ನೇ ಕರೆದರು. ಬದುಕಿದ್ದಾಗ ಅವಳು ಒಂದು ಫೋಟೋಕ್ಕೂ ಸುಮ್ಮನೆ ಕೂತವಳಲ್ಲ. ಅವಳ ಮುಖ ಸರಿಯಾಗಿ ಕಾಣುವ ಒಂದು ಚಿತ್ರವೂ ಅವರ ಬಳಿ ಇರಲಿಲ್ಲ.

ಶಿವನನ್ನು ನೆನೆದು ಖಾಲಿ ಕುರ್ಚಿಯ ಪಕ್ಕದಲ್ಲಿ ಕೂತರು.

"ಕಾಕಾ, ಅಳ್ಳಾಡಬ್ಯಾಡ್ರಿ," ಎಂದಳು ಕಸ್ತೂರಿ.

"ನನಗೇನ್ ಹೇಳ್ತೀಯವಾ, ಆಕಿಗೆ ಹೇಳು."

ಪರದೆಯ ಮೇಲೆ ಕುರ್ಚಿಯ ಬೆತ್ತದ ಎಳೆಎಳೆಯೂ, ಅವರ ಹಣೆಯ ವಿಭೂತಿಯ ಕಣಕಣವೂ ಕಂಡವು. ನೀಲಮ್ಮನ ಮುಖ ಮಾತ್ರ ಕಲಸಿಹೋಗಿತ್ತು. ಚೆನ್ನವೀರಪ್ಪನವರ ಕಣ್ಣು ತುಂಬಿದವು.

"ಸತ್ತವರು ಅಳ್ಳಾಡೂದಿಲ್ಲಲ್ರೀ! ಕ್ಯಾಮೆರಾದಾಗ ಏನೋ ದೋಷ ಐತಿ. ಇನ್ನೊಮ್ಮೆ ತೆಗೀಲೇನ್ರಿ?" ಎಂದಳು ಕಸ್ತೂರಿ.

"ತಡಿ."

ಅವರು ಚಿತ್ರವನ್ನು ಹಿಗ್ಗಿಸಿದರು. ಕಲಸಿದ ಸೀರೆಯೊಳಗಿಂದ ಒಂದು ಕೈ ಅವರ ಕಡೆಗೆ ಚಾಚಿತ್ತು. ಅವರ ಅಂಗಿಯ ಕೊರಳಗುಂಡಿಯ ಮೇಲೆ ಬೆರಳುಗಳು ನಿಂತಿದ್ದವು. ಹಸಿರು ಬಳೆ, ಒಲೆಯ ಮುಂದೆ ಸುಟ್ಟುಕೊಂಡ ಹಳೆಯ ಕಲೆ, ಎಲ್ಲವೂ ನಿಚ್ಚಳ. ಆ ಗುಂಡಿಯನ್ನು ಹಾಕಿಕೊಳ್ಳಲು ಅವರು ಬೆಳಿಗ್ಗೆ ಮರೆತಿದ್ದರು.

"ಕ್ಯಾಮೆರಾ ಚಲೋ ಐತವಾ," ಎಂದು ಕೈಮುಗಿದರು. "ಆಕಿ ಇನ್ನೂ ಹಂಗ ಅದಾಳ. ಶಿವ ದೊಡ್ಡಾಂವ."

ಆಮೇಲೆ ಖಾಲಿ ಕುರ್ಚಿಯ ಕಡೆ ತಿರುಗಿ ಗುಂಡಿ ಹಾಕಿಕೊಂಡರು.

"ಹಾಕ್ಕೊಂಡೆ, ನೋಡು."