ಗೆರೆ ದಾಟಿಲ್ಲ, ಮೇಡಂ

"ಬೆಳಗ್ಗೆ ಈ ಗೆರೆ ಇಲ್ಲಿರ್ನಿಲ್ಲ ಕಣಣ್ಣ!"

ಅಪ್ಪನ ಕಾಲ ಮೇಲಿನ ಹೊದಿಕೆ ಸರಿಸಿದ ಪವಿತ್ರಾ ನರ್ಸ್ ನಂಜೇಶನತ್ತ ತಿರುಗಿ ಕೂಗಿಯೇಬಿಟ್ಟಳು. ಗದ್ದೆಯಲ್ಲಿ ಮುಳ್ಳು ಚುಚ್ಚಿ ರಾಮಯ್ಯನ ಪಾದ ಊದಿತ್ತು. ಸೊಪ್ಪು ಅರೆದು ಕಟ್ಟುತ್ತ ಕೂರದೆ, ಬೆಳಿಗ್ಗೆ ಎಂಟಕ್ಕೆಲ್ಲ ನರಸೀಪುರದ ಈ ನರ್ಸಿಂಗ್ ಹೋಮಿಗೆ ಅಪ್ಪನನ್ನು ಕರೆತಂದಿದ್ದಳು. ಮೈಸೂರಿನಿಂದ ಬಂದುಹೋಗುವ ಸರ್ಜನ್ ಗೌತಮಿ, ಪಾದದಲ್ಲಿ ಹಬ್ಬಿದ್ದ ಕೆಂಪಿನ ಸುತ್ತ ಪೆನ್ನಿನಿಂದ ಗೆರೆ ಎಳೆದು, "ಕೆಂಪು ಇದನ್ನ ದಾಟಿದ ತಕ್ಷಣ ನನಗೆ ಫೋನ್ ಮಾಡಿ. ತಡ ಮಾಡದೆ ಕೊಯ್ದು ಕೆಟ್ಟ ಮಾಂಸ ತೆಗೀಬೇಕು" ಎಂದು ವಾರ್ಡಿನ ನಂಜೇಶನಿಗೆ ಒತ್ತಿ ಹೇಳಿ ಹೋಗಿದ್ದರು. ಪವಿತ್ರಾ ಊರಿಗೆ ಹೋಗಿ ದನಗಳಿಗೆ ನೀರು ಕುಡಿಸಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಈಗ ಗೆರೆ ಮೊಣಕಾಲ ಹತ್ತಿರ ಇತ್ತು.

ನಂಜೇಶ್ ಒಂದಿಷ್ಟೂ ಗಾಬರಿಯಾಗಲಿಲ್ಲ. "ಸ್ಪಿರಿಟಲ್ಲಿ ಒರಸ್ದಾಗ ಅಳಿಸೋಯ್ತು ಕಣಮ್ಮ. ಅಳಿಸ್ದಾಗೆಲ್ಲ, ಕೆಂಪು ಎಲ್ಲಿತ್ತೋ ಅಲ್ಲಿಗೆ ನೀಟಾಗಿ ಮತ್ತೆ ಎಳ್ದಿವ್ನಿ."

"ಡಾಕ್ಟ್ರು ಫೋನ್ ಮಾಡ್ನಿಲ್ವಾ?"

"ಎಲ್ಡು ಸಲ ಮಾಡಿದ್ರು. ಗೆರೆ ದಾಟಿಲ್ಲ ಮೇಡಂ ಅಂದೆ. ದಾಟಿಲ್ವಲ್ಲ, ನೀವೇ ನೋಡಿ."

ಪವಿತ್ರಾಳ ಮೈಯೆಲ್ಲ ಉರಿದುಹೋಯಿತು. ಪೈರಿಗೆ ನುಗ್ಗಿದ ದನದ ಮುಂದೆ ಮುಂದೆ ಬೇಲಿ ನೆಟ್ಟುಕೊಂಡು ಹೋಗಿ, ದನ ಬೇಲಿ ದಾಟಿಲ್ಲ ಎನ್ನುವ ಜಾಣ ಇವನು! ತನ್ನ ಒಡಹುಟ್ಟಿದ ಅಣ್ಣ ಕಿರಣ್‌ಗೆ ತೋರಿಸಲೆಂದು ಬೆಳಿಗ್ಗೆ ತೆಗೆದಿದ್ದ ಫೋಟೊ ಮೊಬೈಲಿನಲ್ಲಿತ್ತು. ಅದರ ಜೊತೆಗೆ ಈಗಿನದನ್ನೂ ತೆಗೆದು ಗೌತಮಿಯವರಿಗೆ ಕಳಿಸಿದಳು.

ಮುಕ್ಕಾಲು ಗಂಟೆಯೊಳಗೆ ಅವರು ಓಡಿ ಬಂದರು. ಕಾಲು ಮುಟ್ಟಿ ನೋಡಿದವರ ಮುಖ ಕಪ್ಪಿಟ್ಟಿತು.

"ಮಾಂಸ ಪೂರ್ತಿ ಸತ್ತಿದೆ ಪವಿತ್ರಾ. ಮೊಣಕಾಲಿನ ಮೇಲಕ್ಕೇ ಕತ್ತರಿಸದಿದ್ರೆ ಜೀವ ಉಳಿಯಲ್ಲ. ಹತ್ತು ಗಂಟೆಗೇ ಗೊತ್ತಾಗಿದ್ರೆ ಪಾದದಲ್ಲೇ ಒಂದಿಷ್ಟು ಕೊಯ್ದು ಮುಗಿಸ್ತಿದ್ದೆ. ಫೋನ್ ನಂಬಿ ಕೂತಿದ್ದು ನನ್ನ ತಪ್ಪು." ಅಷ್ಟು ಹೇಳಿ ಅವರು ಆಪರೇಷನ್ ಥಿಯೇಟರಿನತ್ತ ಧಾವಿಸಿದರು.

ಮ್ಯಾನೇಜರ್ ಮಹಾದೇವಸ್ವಾಮಿ ಒಪ್ಪಿಗೆ ಪತ್ರ ಹಿಡಿದು ಬಂದರು. ಅದರಲ್ಲಿ ಆಗಲೇ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ರೋಗಿಯನ್ನು ಬಹಳ ತಡವಾಗಿ ಕರೆತಂದಿರುತ್ತಾರೆ.'

"ಇದೇನು ಸಾ?"

"ಮಾಮೂಲಿ ಫಾರಂ ಕಣಮ್ಮ. ಹಳ್ಳಿ ಕಡೆಯವ್ರು ಬರೋದೇ ಹಂಗಲ್ವಾ? ಅಪ್ಪನ ಜೀವ ಮುಖ್ಯ ಅಂದ್ರೆ ಬೇಗ ಸೈನ್ ಹಾಕಿ."

ಅಪ್ಪನ ಜೀವವನ್ನು ಅಡವಿಟ್ಟು ಸುಳ್ಳಿಗೆ ಸಹಿ ಕೇಳುತ್ತಿದ್ದಾನೆ ಈ ಮನುಷ್ಯ! ಪವಿತ್ರಾ ಅವರ ಜೇಬಿನಿಂದಲೇ ಪೆನ್ನು ಕಿತ್ತುಕೊಂಡಳು. ಆ ಸಾಲನ್ನು ಕಾಗದ ಹರಿಯುವಂತೆ ಹೊಡೆದುಹಾಕಿದಳು. ಅದರ ಕೆಳಗೆ ತಾನೇ ಒಂದು ಸಾಲು ಬರೆದು, ಸಹಿ ಹಾಕಿ, ಅವರ ಎದೆಗೆ ಒತ್ತಿದಳು.

'ಬೆಳಿಗ್ಗೆ ಎಂಟು ಗಂಟೆಗೆ ನಮ್ಮಪ್ಪ ಎರಡೂ ಕಾಲಲ್ಲಿ ನಡೆದು ಬಂದಿದ್ದರು.'